ತೂಬಿನ ಕಲ್ಲಿನ ಮೇಲಿನ ಕಡಲಹಕ್ಕಿ

ನಾನು ಇಂಡಿಯಿಂದ ಮುದ್ದೇಬಿಹಾಳಕ್ಕೆ ಸೊಸೆಯಾಗಿ ಬಂದದ್ದು ಎಪ್ಪತ್ತರ ದಶಕದ ನಡುವೆ. ನನ್ನ ಯಜಮಾನರು ಆಲಮಟ್ಟಿಯ ಆಣೆಕಟ್ಟಿನ ಕೆಲಸದಲ್ಲಿ ಓವರಸೀಯರ್. ಶನಿವಾರ ಸಂಜೆಯ ಬಸ್ಸಿಗೆ ಮನೆಗೆ ಬಂದರೆ ಸೋಮವಾರ ಬೆಳಗಿನ ಬಸ್ಸಿಗೆ ಹೊರಟುಬಿಡುವರು. ವಾರದ ಉಳಿದ ದಿನಗಳಲ್ಲಿ ಮನೆಯಲ್ಲಿ ಅತ್ತೆ, ಮಾವ, ನಾನು. ಅತ್ತೆಯ ಬಾಯಿಗೆ ಬಿಡುವೇ ಇರಲಿಲ್ಲ. ಮಾವನವರದು ತದ್ವಿರುದ್ಧ. ಚಹಾ ಇಟ್ಟರೆ ‘ಹೂಂ’, ತಾಟು ಇಟ್ಟರೆ ‘ಹೂಂ’. ನನಗೂ ಅವರ ಎದುರು ನಿಂತು ಮಾತಾಡುವ ರೂಢಿ ಇರಲಿಲ್ಲ. ನಮ್ಮ ಕಡೆ ಸೊಸೆಯಾದವಳು ಮಾವನ ಮುಂದೆ ತಲೆಯ ಮೇಲಿನ ಸೆರಗು ಜಾರದಂತೆ ನೋಡಿಕೊಂಡರೆ ಸಾಕಿತ್ತು.

ಅವರು ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದವರು. ಊರಿಗೆಲ್ಲ ‘ಡ್ರಾಯಿಂಗ್ ಮಾಸ್ತರ’. ಪಡಸಾಲೆಯ ಗೋಡೆಯ ತುಂಬ ಅವರೇ ಬರೆದ ಹಕ್ಕಿಗಳ ಚಿತ್ರಗಳಿದ್ದವು. ನವಿಲು, ಗಿಳಿ ಅಲ್ಲ. ಕಾಗೆ, ಗೊರವಂಕ, ಬೆಳ್ಳಕ್ಕಿ, ಎಮ್ಮೆಯ ಬೆನ್ನೇರಿ ಕೂತ ಕಾಜಾಣ. ಮದುವೆಯ ಹೊಸತರಲ್ಲಿ ನಾನು ಧೂಳು ಒರೆಸುತ್ತ ಆ ಕಾಗೆಯ ಎದುರು ನಿಂತುಬಿಡುತ್ತಿದ್ದೆ. ಕಾಗೆ ಅಂದರೆ ಕಪ್ಪು ಅಂತಲೇ ನಾನು ತಿಳಿದಿದ್ದೆ. ಆ ಚಿತ್ರದ ಕಾಗೆಗೆ ಬೂದಿ ಬಣ್ಣದ ಕೊರಳು, ರೆಕ್ಕೆಯ ಮೇಲೆ ನೀಲಿ ಹೊಳಪು, ಆ ನೀಲಿಯೊಳಗೆ ಎಲ್ಲೋ ಒಂದೆಡೆ ನೇರಳೆ. ಹಿತ್ತಲಿಗೆ ಹೋಗಿ ನಿಜದ ಕಾಗೆಯನ್ನು ನೋಡಿದೆ. ಹಾಗೆಯೇ ಇತ್ತು. ಹುಟ್ಟಿದಾಗಿನಿಂದ ನೋಡಿದ ಹಕ್ಕಿಯನ್ನು ನಾನು ನೋಡಿಯೇ ಇರಲಿಲ್ಲ.

ನಾನು ಬರುವ ಹೊತ್ತಿಗೆ ಅವರು ಚಿತ್ರ ತೆಗೆಯುವುದನ್ನು ಬಿಟ್ಟಿದ್ದರು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬೆಳಕು ತಿಳಿಯುತ್ತಿತ್ತು, ಎದುರಿಗೆ ಯಾರೋ ನಿಂತಿದ್ದಾರೆ ಎನ್ನುವುದು ತಿಳಿಯುತ್ತಿತ್ತು, ಅಷ್ಟೇ. ಮಿರಜಿಗೆ ಹೋಗಿ ಆಪರೇಷನ್ ಮಾಡಿಸಿಕೊಳ್ಳಿರಿ ಎಂದು ಯಜಮಾನರು ಹೇಳಿ ಹೇಳಿ ಸಾಕಾಗಿದ್ದರು. ಮಾವನವರ ಅಣ್ಣನಿಗೆ ಹಿಂದೆ ಎಲ್ಲಿಯೋ ಕಣ್ಣಿನ ಆಪರೇಷನ್ ಆಗಿ ಇದ್ದ ಬೆಳಕೂ ಹೋಗಿತ್ತಂತೆ. ಆ ಹೆದರಿಕೆ. ‘ಇದ್ದಷ್ಟರೊಳಗ ನಡೀತೈತಿ ಬಿಡು’ ಎಂದು ಅವರು ಮಾತು ಮುಗಿಸಿಬಿಡುತ್ತಿದ್ದರು.

ಆ ವರ್ಷದ ಎಳ್ಳ ಅಮಾವಾಸ್ಯೆಗೆ ಭೂತಾಯಿಗೆ ಎಡೆಯ ಚರಗ ಚೆಲ್ಲಲು ನಾವೆಲ್ಲ ಹೊಲಕ್ಕೆ ಹೋದೆವು. ನಮ್ಮ ಹೊಲ ಊರಿನಿಂದ ಸ್ವಲ್ಪ ದೂರ, ಹಳೆಯ ಕೆರೆಯೊಂದರ ಒಡ್ಡಿನ ಕೆಳಗೆ. ಬಿಳಿಜೋಳ ತಲೆಯೆತ್ತರ ನಿಂತಿತ್ತು, ಅಂಚಿನ ಸಾಲಿನಲ್ಲಿ ಕುಸುಬಿ. ಚರಗ ಚೆಲ್ಲಿ, ಬನ್ನಿಯ ಗಿಡದ ಕೆಳಗೆ ಕೂತು ಸಜ್ಜೆ ರೊಟ್ಟಿ, ಕಡಬು, ಭಜ್ಜಿ ಪಲ್ಯ ಉಂಡದ್ದಾಯಿತು. ಅತ್ತೆ ಪಕ್ಕದ ಹೊಲದ ಹೆಂಗಸರೊಂದಿಗೆ ಮಾತಿಗೆ ಕೂತರು. ಯಜಮಾನರು ಗಿಡದ ಬುಡಕ್ಕೆ ತಲೆಯಿಟ್ಟು ನಿದ್ದೆ ಹೋದರು. ಮಾವನವರಿಗೆ ಒಡ್ಡಿನ ಮೇಲೆ ಗಾಳಿಗೆ ಕೂಡ್ರುವ ಆಸೆ. ಕೈ ಹಿಡಿದು ಹತ್ತಿಸುವ ಕೆಲಸ ನನ್ನ ಪಾಲಿಗೆ ಬಂತು.

ಒಡ್ಡಿನ ಮೇಲೆ ಕೂತು ಸ್ವಲ್ಪ ಹೊತ್ತಾಗಿರಬಹುದು, ನೀರಿನ ಕಡೆಯಿಂದ ಒಂದು ದನಿ ಬಂತು. ಕಾಗೆಯ ದನಿಯಂತೆಯೇ, ಆದರೆ ಕಾಗೆಗೆ ನೆಗಡಿಯಾಗಿ ಎದೆಯಾಳದಿಂದ ಕೂಗಿದಂತೆ. ಮಾವನವರು ಥಟ್ಟನೆ ಆ ಕಡೆಗೆ ಮುಖ ತಿರುಗಿಸಿದರು.

“ಅದು ಯಾವ ಹಕ್ಕಿ ಕೂಗಿತು?”

ಅವರು ನನ್ನನ್ನು ಕೇಳಿದ ಮೊದಲ ಪ್ರಶ್ನೆ ಅದು. ನಾನು ನೋಡಿದೆ. ಕೆರೆಯೊಳಗೆ ತೂಬಿನ ಎರಡು ಕಲ್ಲುಕಂಬಗಳಿದ್ದವು, ಅವುಗಳ ಮೇಲೆ ಅಡ್ಡಲಾಗಿ ಒಂದು ಚಪ್ಪಡಿ. ಅದರ ಮೇಲೆ ದೊಡ್ಡದೊಂದು ಬಿಳಿ ಹಕ್ಕಿ ಆಗತಾನೇ ಬಂದು ಇಳಿದು ರೆಕ್ಕೆ ಮಡಚುತ್ತಿತ್ತು.

“ಬೆಳ್ಳಗೊಂದು ದೊಡ್ಡ ಹಕ್ಕಿ ಐತ್ರಿ ಮಾವಾರ. ತೂಬಿನ ಕಲ್ಲಿನ ಮ್ಯಾಲ ಕುಂತೈತಿ.”

“ಬೆಳ್ಳಗ ಅಂದ್ರ? ಹಾಲೂ ಬೆಳ್ಳಗ, ಸುಣ್ಣಾನೂ ಬೆಳ್ಳಗ, ಜ್ವಾಳದ ಹಿಟ್ಟೂ ಬೆಳ್ಳಗ. ಇದು ಯಾವ ಬೆಳ್ಳಗ?”

ನಾನು ಗಾಬರಿಯಾಗಿ ಮತ್ತೊಮ್ಮೆ ನೋಡಿದೆ. “ಎದಿ ಸುಣ್ಣದಂಗ ಐತ್ರಿ. ಬೆನ್ನು ಬೆಳ್ಳಗಿಲ್ರಿ… ಬೂದಿ. ತೆಳ್ಳನ ಬೂದಿ.”

“ಹಾಂ. ದೊಡ್ಡದು ಅಂದ್ರ ಎಷ್ಟು ದೊಡ್ಡದು? ಕಾಗಿಗಿಂತ?”

“ಕಾಗಿ ಏನ್ರಿ, ಹದ್ದಿನಷ್ಟು ಐತ್ರಿ.”

“ಕೊಕ್ಕಿನ ಬಣ್ಣ? ಕೆಂಪಲ್ಲ?”

“ಅಲ್ರಿ. ಹಳದಿ.”

ಪ್ರತಿ ಚಳಿಗಾಲ ಕೃಷ್ಣೆಯ ದಂಡೆಗೆ ಬಿಳಿಯ ಕಡಲಹಕ್ಕಿಗಳು ಬರುವುದನ್ನು ಮಾವನವರು ಚಿಕ್ಕಂದಿನಿಂದ ಬಲ್ಲವರು. ಅವರ ಹುಟ್ಟೂರು ತಂಗಡಗಿ, ಹೊಳೆಯ ದಂಡೆಯ ಊರು. ಆ ಹಕ್ಕಿಗಳು ಕಾಗೆಗಿಂತ ತುಸು ದೊಡ್ಡವು, ಕೆಂಪು ಕೊಕ್ಕು, ಕೆಂಪು ಕಾಲು. ಹದ್ದಿನ ಗಾತ್ರದ, ಹಳದಿ ಕೊಕ್ಕಿನ ಕಡಲಹಕ್ಕಿಯನ್ನು ಅವರು ಕಂಡಿರಲಿಲ್ಲ. ಕೈಗೆ ಸಿಕ್ಕ ಕಡ್ಡಿಯಿಂದ ಒಡ್ಡಿನ ಮಣ್ಣಿನಲ್ಲಿ ಒಂದು ಹಕ್ಕಿಯ ಗೆರೆ ಎಳೆದು, “ಹಿಂಗ ಐತೇನು?” ಎಂದರು. ಕಣ್ಣು ಕಾಣದ ಮನುಷ್ಯ ಕೈ ಎತ್ತದೆ ಒಂದೇ ಗೆರೆಯಲ್ಲಿ ತೆಗೆದ ಆ ಹಕ್ಕಿಯ ಕಡೆಗೂ ತೂಬಿನ ಕಲ್ಲಿನ ಕಡೆಗೂ ನಾನು ಎರಡೆರಡು ಸಲ ನೋಡಿದೆ. ಅವರು ಮತ್ತೆ ಕೇಳಿದರು. ನಾನು ಮೆಲ್ಲಗೆ, “ಹಣಿ ಇಷ್ಟು ಉಬ್ಬಿಲ್ರಿ. ಕೊಕ್ಕಿನಿಂದ ತಲೀತನಕಾ ಜಾರಬಂಡಿ ಹಂಗ ಇಳಿಜಾರು ಐತಿ” ಎಂದೆ. ಅವರು ಅಂಗೈಯಿಂದ ಮಣ್ಣು ಒರೆಸಿ ಹಣೆಯನ್ನು ತಿದ್ದಿದರು.

“ನಾಳಿಗಿ ಮತ್ತ ಬರೋಣು” ಎಂದರು. ಕೇಳಿದ್ದಲ್ಲ, ಹೇಳಿದ್ದು.

ಮನೆಯಲ್ಲಿ ಅತ್ತೆ ಒಪ್ಪಲಿಲ್ಲ. “ಮಾವ ಸೊಸಿ ಕೂಡಿ ಕೆರಿ ದಂಡಿ ಮ್ಯಾಲ ತಿರಗ್ಯಾಡಿದ್ರ ಮಂದಿ ಏನಂದಾರು?” ಎಂದರು. ಮಾವನವರು ಚಹಾದ ಬಟ್ಟಲು ಕೆಳಗಿಟ್ಟು, “ಕಣ್ಣಿಲ್ಲದಾಂವಗ ಕಣ್ಣಾಗ್ಯಾಳ ಅಂದಾರು. ಅನ್ನಲಿ ಬಿಡು” ಎಂದರು. ಅವರು ಅಷ್ಟು ಉದ್ದದ ಮಾತು ಆಡಿದ್ದಕ್ಕೋ ಏನೋ ಅತ್ತೆ ಮುಂದೆ ಅಡ್ಡಿ ಮಾಡಲಿಲ್ಲ. ಬದಲಾಗಿ, “ಬರೇ ಹೊಟ್ಟೀಲೆ ಹೋಗಬ್ಯಾಡ್ರಿ” ಎಂದು ರೊಟ್ಟಿ, ಶೇಂಗಾ ಚಟ್ನಿ ಗಂಟು ಕಟ್ಟಿಕೊಟ್ಟರು. ಹೊಲಕ್ಕೆ ಹೋಗುವ ಪರಿಚಯದವರ ಬಂಡಿ ದಿನಾ ಬೆಳಿಗ್ಗೆ ಆ ದಾರಿಯಲ್ಲೇ ಹೋಗುತ್ತಿತ್ತು. ನಾವು ಅದರಲ್ಲಿ ಕೂತು ಹೋಗಿ ಊಟದ ಹೊತ್ತಿಗೆ ನಡೆದುಕೊಂಡು ಬರುವುದು ರೂಢಿಯಾಯಿತು.

ಹಕ್ಕಿ ಅಲ್ಲಿಯೇ ಬೀಡುಬಿಟ್ಟಿತ್ತು. ಎಮ್ಮೆ ಮೈತೊಳೆಯುವವರು, ಬಟ್ಟೆ ಒಗೆಯುವವರು ದಿನಾ ಬರುವ ಕೆರೆ ಅದು. ಹಾಗಾಗಿ ಮನುಷ್ಯರೆಂದರೆ ಅದಕ್ಕೆ ಅಷ್ಟು ಬೆದರಿಕೆ ಇರಲಿಲ್ಲ. ಒಡ್ಡಿನ ಕಲ್ಲುಗಳ ಮೇಲೆ ಸದ್ದಿಲ್ಲದೆ ಇಳಿದು ಕೂತರೆ ಅದರ ಕಣ್ಣು ಮಿಟುಕಿಸುವುದು ಕೂಡ ಕಾಣುತ್ತಿತ್ತು. ನಾನು ನೋಡಿ ಹೇಳುವುದು, ಅವರು ಮೊಣಕಾಲ ಮೇಲೆ ಹಲಗೆಯಿಟ್ಟು ಹಾಳೆಯ ಮೇಲೆ ಇದ್ದಿಲಿನಿಂದ ತೆಗೆಯುವುದು. ಮುಖವನ್ನು ಹಾಳೆಗೆ ತಾಕುವಷ್ಟು ಬಗ್ಗಿಸಿದರೆ ದಪ್ಪ ಕಪ್ಪು ಗೆರೆ ಅವರಿಗೆ ಒಂದಿಷ್ಟು ಕಾಣುತ್ತಿತ್ತು. ಉಳಿದದ್ದೆಲ್ಲ ಎಡಗೈ ಬೆರಳಿನ ಅಳತೆ.

ನಮ್ಮಪ್ಪನದು ಇಂಡಿಯಲ್ಲಿ ನಿಂಬೆಹಣ್ಣಿನ ವ್ಯಾಪಾರ. ನಾನು ಹುಡುಗಿಯಾಗಿದ್ದಾಗಿನಿಂದ ರಾಶಿಯ ಮುಂದೆ ಕೂತು ಕಾಯಿ, ದೋರೆ, ಹಣ್ಣು ಎಂದು ಆರಿಸಿ ಬೇರೆ ಮಾಡಿದವಳು. ಹಳದಿಯಲ್ಲಿ ಎಷ್ಟು ಬಗೆ ಇದೆ ಎನ್ನುವುದು ಹೇಳಿಕೊಡದೆಯೂ ನನಗೆ ಗೊತ್ತಿತ್ತು. ಒಂದು ದಿನ ಅವರು ಕಾಲಿನ ಬಣ್ಣ ಕೇಳಿದಾಗ, “ಇನ್ನಾ ಹಣ್ಣಾಗದ ನಿಂಬಿಕಾಯಿ ಹಂಗ್ರಿ. ಹಸರು ಬಿಟ್ಟು ಹಳದಿಗಿ ತಿರಗತೈತಲ್ರಿ, ಗಿಡದಿಂದ ಹರದು ಎರಡ ದಿವಸ ಆದ ಮ್ಯಾಲೆ, ಆ ಬಣ್ಣ” ಎಂದೆ. ಕೊಕ್ಕು ಪೂರ್ತಿ ಹಣ್ಣಾದ ನಿಂಬೆ. ತುದಿಯ ಹತ್ತಿರ ಒಂದು ಕಪ್ಪು ಪಟ್ಟಿ, ಅದರ ಅಂಚಿಗೆ ಕುಂಕುಮ ತಾಕಿಸಿದಂತೆ ಕೆಂಪು.

ಅವರು ಇದ್ದಿಲು ಹಿಡಿದ ಕೈಯನ್ನು ಹಾಗೆಯೇ ನಿಲ್ಲಿಸಿ ನಕ್ಕರು. “ತಂಗಿ, ಮೂವತ್ತು ವರ್ಷ ಸಾಲ್ಯಾಗ ಬಣ್ಣ ಕಲಿಸೇನಿ. ಹಿಂಗ ಹೇಳಿದವರು ಯಾರೂ ಇದ್ದಿದ್ದಿಲ್ಲ.”

ನಮ್ಮ ಕಡೆ ಮಗಳನ್ನು ಅಕ್ಕರೆಯಿಂದ ಕರೆಯುವಂತೆ ಅವರು ನನ್ನನ್ನು ತಂಗಿ ಎಂದು ಕರೆದದ್ದು ಅದೇ ಮೊದಲು. ಆವತ್ತು ನಡೆದುಕೊಂಡು ಮನೆಗೆ ಬರುವಾಗ ದಾರಿ ಉದ್ದಕ್ಕೂ ಬೇಲಿಯ ಹೂ, ಕಲ್ಲು, ಕುರಿಯ ಕಿವಿ, ಎಲ್ಲದರ ಬಣ್ಣವನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ಬಂದೆ.

ನೋಡುವುದು ಇಷ್ಟು ದೊಡ್ಡ ಕೆಲಸವೆಂದು ನನಗೆ ಗೊತ್ತಿರಲಿಲ್ಲ. ಹೇಳಬೇಕಾದಾಗಲೇ ತಿಳಿಯುವುದು, ನೋಡಿದ್ದು ಎಷ್ಟು ಕಡಿಮೆ ಎಂದು. ಹಕ್ಕಿ ಹಾರುವಾಗ ರೆಕ್ಕೆಯ ತುದಿ ಹೇಗಿತ್ತು ಎಂದು ಕೇಳಿದರೆ ನಾನು ತಬ್ಬಿಬ್ಬು. ಅವರು ಒಂದು ಸಲವೂ ಬೇಸರಪಡಲಿಲ್ಲ. “ಗೊತ್ತಿಲ್ಲ ಅಂದ್ರ ಗೊತ್ತಿಲ್ಲ ಅನ್ನು. ಊಹಾ ಮಾಡಿ ಹೇಳಬ್ಯಾಡ. ಅದು ಮತ್ತ ಹಾರತೈತಿ, ಆವಾಗ ನೋಡೋಣು” ಎನ್ನುವರು. ಅದು ಮತ್ತೆ ಹಾರುವವರೆಗೆ ಬಿಸಿಲಿನಲ್ಲಿ ಟವೆಲ್ ತಲೆಗೆ ಹಾಕಿಕೊಂಡು ಕೂಡ್ರುವರು. ಕೊನೆಗೆ ನಾನು ಸರಿಯಾಗಿ ನೋಡಿದೆ. ರೆಕ್ಕೆ ಬಿಚ್ಚಿದರೆ ತುದಿಗೆ ಬಿಳಿ, ಅದರ ಹಿಂದೆ ಕಪ್ಪಿನ ಬಾಗು, ಮತ್ತೆ ಬಿಳಿ. ಇಡೀ ರೆಕ್ಕೆ ಎಷ್ಟು ಉದ್ದವಿತ್ತೆಂದರೆ ಅದು ತಲೆಯ ಮೇಲೆ ಹಾದಾಗ ನೀರಿನಲ್ಲಿದ್ದ ಬಾತುಗಳೆಲ್ಲ ಹದ್ದು ಬಂತೆಂದು ದಂಡೆಯ ಹುಲ್ಲಿಗೆ ನುಗ್ಗುತ್ತಿದ್ದವು. ಒಮ್ಮೆ ಬೆಳ್ಳಕ್ಕಿಯೊಂದು ಮೀನು ಹಿಡಿದು ಎದ್ದಿತು. ಇದು ಕಲ್ಲಿನಿಂದ ನಿಧಾನಕ್ಕೆ, ಯಾವ ಅವಸರವೂ ಇಲ್ಲದೆ ಎದ್ದು ಅದರ ಹಿಂದೆ ಹೋಯಿತು. ಬೆಳ್ಳಕ್ಕಿ ಮೀನು ಬಿಟ್ಟುಕೊಟ್ಟು ಪಾರಾಯಿತು. ನಾನು ಹೇಳುತ್ತ ಹೋದಂತೆ ಮಾವನವರು, “ದೇಸಾಯಿ! ಕೆರಿ ದೇಸಾಯಿ ಇದು!” ಎಂದು ತೊಡೆ ತಟ್ಟಿ ನಗುತ್ತಿದ್ದರು.

ಅಷ್ಟರೊಳಗೆ ಊರಲ್ಲಿ ಸುದ್ದಿ ಹಬ್ಬಿತ್ತು. ಸುದ್ದಿ ಹಬ್ಬಿಸಿದವರು ಅತ್ತೆಯೇ. ಮಾನಸ ಸರೋವರದ ಹಂಸ ನಮ್ಮ ಕೆರೆಗೆ ಇಳಿದಿದೆ, ಕುರುಡ ಮಾಸ್ತರನಿಗೆ ದರ್ಶನ ಕೊಡುತ್ತಿದೆ ಎಂದು ಓಣಿಯಲ್ಲಿ ಹೇಳಿಬಿಟ್ಟಿದ್ದರು. ಒಂದು ಸೋಮವಾರ ಹೆಂಗಸರ ದೊಡ್ಡ ಗುಂಪೇ ಊದಿನಕಡ್ಡಿ, ಹಾಲಿನ ತಂಬಿಗೆ ಹಿಡಿದು ಒಡ್ಡಿನ ಮೇಲೆ ಬಂತು. ಅತ್ತೆ ಮುಂದೆ. ಹಕ್ಕಿ ಆಗ ದಂಡೆಯಲ್ಲಿ ಸತ್ತು ಬಿದ್ದ ಮೀನೊಂದನ್ನು ಕಿತ್ತು ತಿನ್ನುತ್ತಿತ್ತು. ಅತ್ತೆ ಬಹಳ ಹೊತ್ತು ನೋಡಿ, “ಹಂಸ ಹಾಲು ಕುಡೀತೈತಿ ಅಂತಾರಲ್ಲ, ಇದೇನು ಕೊಳತದ್ದು ತಿನ್ನಾಕತ್ತೈತಿ?” ಎಂದರು. ಹಾಲನ್ನು ನಾವೆಲ್ಲ ಬನ್ನಿಯ ಗಿಡದ ಕೆಳಗೆ ಚಹಾ ಮಾಡಿಕೊಂಡು ಕುಡಿದೆವು. ಆದರೆ ಹೋಗುವಾಗ ಅತ್ತೆ ಮತ್ತೊಮ್ಮೆ ತಿರುಗಿ ನೋಡಿ, “ಹಂಸ ಅಲ್ಲದಿದ್ರೂ ಚಂದ ಐತಿ ಬಿಡು” ಎಂದದ್ದನ್ನು ನಾನು ಕೇಳಿಸಿಕೊಂಡೆ.

ಚಿತ್ರ ಮುಗಿಯಿತು. ಇದ್ದಿಲಿನ ಗೆರೆಯ ಮೇಲೆ ಮಾವನವರೇ ನೀರುಬಣ್ಣ ಹಚ್ಚಿದರು. ಯಾವ ಬಟ್ಟಲಲ್ಲಿ ಯಾವ ಬಣ್ಣ ಎಂದು ನಾನು ಹೇಳುವುದು, ಎಷ್ಟು ನೀರು ಬೆರೆತಿದೆ ಎನ್ನುವುದನ್ನು ಅವರು ಕುಂಚದ ಭಾರದಿಂದಲೇ ಅರಿಯುವುದು. ಹಕ್ಕಿಯ ಹೆಸರು ಮಾತ್ರ ಇನ್ನೂ ತಿಳಿಯಲಿಲ್ಲ.

ಸಿಂದಗಿಯ ದನದ ದವಾಖಾನೆಯಲ್ಲಿ ಅವರ ಹಳೆಯ ವಿದ್ಯಾರ್ಥಿಯೊಬ್ಬರು ಡಾಕ್ಟರರಾಗಿದ್ದರು. ದೇವಣಗಾಂವದ ಕಡೆಯ ಮುಸಲ್ಮಾನ ಮನೆತನದವರು. ಮುಂಬಯಿಯಲ್ಲಿ ಓದುವಾಗ ಕೊಂಡ ಹಕ್ಕಿಗಳ ಇಂಗ್ಲಿಷ್ ಪುಸ್ತಕ ಅವರಲ್ಲಿತ್ತು, ಒಂದು ದುರ್ಬೀನೂ ಇತ್ತು. ಸಂಕ್ರಮಣ ಕಳೆದ ಮೇಲೆ ಒಂದು ದಿನ ಚಿತ್ರವನ್ನು ಸುರುಳಿ ಸುತ್ತಿಕೊಂಡು ಮಾವನವರು, ಯಜಮಾನರು, ನಾನು ತಾಳಿಕೋಟಿಯ ಮೇಲೆ ಹಾದು ಸಿಂದಗಿಗೆ ಹೋದೆವು.

ಡಾಕ್ಟರರು ಅಂಗಳಕ್ಕೆ ಬಂದು ಗುರುಗಳ ಕಾಲು ಮುಟ್ಟಿದರು. ಅವರ ಮನೆಯವರು ನಮಗೆ ಹಾಲು ಶಾವಿಗೆಯ ಸುರಕುಂಬಾ ತಂದಿಟ್ಟರು. ಚಿತ್ರ ಬಿಚ್ಚಿ ನೋಡಿದ ಡಾಕ್ಟರರು, “ಮಾಸ್ತರ, ಕಣ್ಣು ಕಾಣಂಗಿಲ್ಲ ಅಂತ ಕೇಳಿದ್ದೆ, ಸುಳ್ಳು ಹೇಳ್ಯಾರ” ಎಂದರು.

“ಕಣ್ಣು ಇಕಿದು, ಕೈ ನಂದು” ಎಂದು ಮಾವನವರು ನನ್ನ ಕಡೆ ತೋರಿಸಿದರು.

ಡಾಕ್ಟರರು ಪುಸ್ತಕ ತೆಗೆದು ಕಡಲಹಕ್ಕಿಗಳ ಪುಟ ಹುಡುಕಿದರು. ಎರಡು ಚಿತ್ರಗಳನ್ನು ನೋಡಿ ಗಲ್ಲ ಕೆರೆದುಕೊಂಡರು. “ನಮ್ಮ ಹೊಳಿಗಿ ಬರೋದು ಇದು, ಕಂದುತಲಿದು. ನಿಮ್ಮ ಚಿತ್ರ ಅದರ ಹಂಗ ಇಲ್ಲ. ಇನ್ನೊಂದು ಐತ್ರಿ, ಗ್ರೇಟ್ ಬ್ಲ್ಯಾಕ್‌ಹೆಡೆಡ್ ಗಲ್ ಅಂತ. ದೊಡ್ಡ ಕರಿತಲಿ ಕಡಲಹಕ್ಕಿ. ಆದ್ರ ಅದು ಸಮುದ್ರದ ದಂಡಿಗಿ, ದೊಡ್ಡ ದೊಡ್ಡ ನದಿಗೋಳಿಗಿ ಬರೋ ಹಕ್ಕಿ. ನಿಮ್ಮ ಕೆರಿಗಿ ಯಾಕ ಬರತೈತ್ರಿ? ಮತ್ತ ನಿಮ್ಮದರ ತಲಿ ಕರ್ರಗಿಲ್ಲಲ್ಲ, ಬೆಳ್ಳಗೈತಿ.”

ಅದು ನಿಜ. ನಾನು ನೋಡಿದ ಹಕ್ಕಿಯ ತಲೆ ಬಿಳಿ. ಕಣ್ಣಿನ ಹಿಂದೆ ಮಾತ್ರ ಮಸಿ ಕೈಯಿಂದ ಒರೆಸಿದಂತೆ ಒಂದು ಮಬ್ಬು. ಡಾಕ್ಟರರು ನನ್ನನ್ನು ಒಂದೊಂದೇ ಕೇಳಿದರು. ಕಾಲು? ಕೊಕ್ಕು? ಕಪ್ಪು ಪಟ್ಟಿ ತುದಿಗೋ, ತುದಿಗಿಂತ ಮೊದಲೋ? ನಾನು ಸೆರಗು ಸರಿಪಡಿಸಿಕೊಳ್ಳುವುದನ್ನೂ ಮರೆತು ಉತ್ತರ ಕೊಟ್ಟೆ. ಒಂದೆರಡು ಕಡೆ “ಗೊತ್ತಿಲ್ರಿ, ನೋಡಿಲ್ಲ” ಎಂದೆ. ಮಾವನವರು ಪಕ್ಕದಲ್ಲಿ ತಲೆದೂಗುತ್ತಿದ್ದರು.

ಪುಸ್ತಕದ ಸಣ್ಣ ಅಕ್ಷರಗಳನ್ನು ಓದಿ ಡಾಕ್ಟರರು ಹೇಳಿದರು: ಚಳಿಗಾಲದಲ್ಲಿ ಅದರ ತಲೆ ಬೆಳ್ಳಗೇ ಇರುತ್ತದೆ, ಬೇಸಿಗೆ ಹತ್ತಿರ ಬಂದಂತೆ ಕರ್ರಗಾಗುತ್ತದೆ. ಹಿಮಾಲಯದ ಆಚೆ ಮಧ್ಯ ಏಷ್ಯಾದ ಸರೋವರಗಳಲ್ಲಿ ಮೊಟ್ಟೆ ಇಡುತ್ತದೆ. “ಕಂದುತಲೀದೂ ಹಂಗ ತಲಿ ಬಣ್ಣ ಬದಲಿಸ್ತೈತಿ. ಅದಕ್ಕ ಈಗ ಖಾತ್ರಿ ಹೇಳಾಕ ಬರೂದಿಲ್ಲ ಮಾಸ್ತರ. ನಿಮ್ಮ ಸಲುವಾಗಿ ಸುಳ್ಳ ಹೌದು ಅನ್ನಲೇನು?”

“ಅನ್ನಬ್ಯಾಡ” ಎಂದರು ಮಾವನವರು. ಅವರ ಮುಖದಲ್ಲಿ ನಿರಾಸೆ ಇರಲಿಲ್ಲ. “ಕಾಯೋಣು. ಅದರ ತಲೀನಽ ಹೇಳತೈತಿ.”

ಬಸ್ಸಿನಲ್ಲಿ ಬರುವಾಗ ಯಜಮಾನರು ನನ್ನ ಕಿವಿಯಲ್ಲಿ, “ಅಪ್ಪ ನನ್ನ ಕೂಡ ಇಷ್ಟು ಮಾತಾಡಿಲ್ಲ ನೋಡು” ಎಂದರು. ಅವರಿಗೆ ಹೊಟ್ಟೆಕಿಚ್ಚಿರಲಿಲ್ಲ, ಬೆರಗು.

ಕಾದೆವು. ಜೋಳದ ತೆನೆ ಬಲಿತು ಕೊಯ್ಲಿಗೆ ಬಂತು. ಕೆರೆಯ ನೀರು ತುಸು ಹಿಂದೆ ಸರಿಯಿತು. ಒಂದು ಬೆಳಿಗ್ಗೆ ಕಣ್ಣಿನ ಹಿಂದಿನ ಮಬ್ಬು ಕಿವಿಯವರೆಗೆ ಹರಡಿದಂತೆ ಕಂಡಿತು. ಸಂಶಯವಿತ್ತು, ಹೇಳಲಿಲ್ಲ. ಮುಂದಿನ ಸಲ ನೋಡಿದಾಗ ಸಂಶಯವಿರಲಿಲ್ಲ. ನೆತ್ತಿಯ ಮೇಲೆ ಎಳ್ಳು ಚೆಲ್ಲಿದಂತೆ ಕಪ್ಪು ಚುಕ್ಕೆ. ದಿನದಿನಕ್ಕೂ ಎಳ್ಳು ಒತ್ತಾಗುತ್ತ ಹೋಯಿತು. ಶಿವರಾತ್ರಿ ಹತ್ತಿರ ಬರುವ ಹೊತ್ತಿಗೆ ತಲೆಯಿಡೀ ಕುತ್ತಿಗೆಯವರೆಗೆ ಒಂದು ಕಪ್ಪು ಕುಲಾಯಿ ತೊಟ್ಟಂತಾಯಿತು. ಆ ಕಪ್ಪಿನ ನಡುವೆ ಕಣ್ಣಿನ ಮೇಲೂ ಕೆಳಗೂ ಎರಡು ಬಿಳಿ ಗೆರೆ ಹೊಳೆಯುತ್ತಿದ್ದವು. ಬಿಳಿ ಕಾಡಿಗೆ ತೀಡಿಕೊಂಡಂತೆ. ಕೊಕ್ಕಿನ ಹಳದಿಯೂ ಹೊಳಪೇರಿತ್ತು. ನಾನು ಒಂದೇ ಉಸಿರಿನಲ್ಲಿ ಹೇಳಿದೆ. ಮಾವನವರು ಹಾಳೆ ಬಿಚ್ಚಲಿಲ್ಲ. ಕೈ ಮುಗಿದು ಕೂತರು.

ಡಾಕ್ಟರರಿಗೆ ಹೇಳಿ ಕಳಿಸಿದೆವು. ಅವರು ಬಾಗೇವಾಡಿಯಲ್ಲಿ ಏನೋ ದನಗಳ ಕೆಲಸ ಮುಗಿಸಿಕೊಂಡು ಮೋಟರ್ ಸೈಕಲ್ ಮೇಲೆ ದುರ್ಬೀನು, ಪುಸ್ತಕದೊಂದಿಗೆ ಬಂದರು. ಒಡ್ಡಿನ ಮೇಲೆ ಬೋರಲು ಮಲಗಿ ನೋಡಿದರು. ಬಹಳ ಹೊತ್ತು ನೋಡಿದರು. ಎದ್ದು ಅಂಗಿಯ ಮಣ್ಣು ಝಾಡಿಸಿಕೊಳ್ಳದೆ ಬಂದು ಮಾವನವರ ಎರಡೂ ಕೈ ಹಿಡಿದುಕೊಂಡರು.

“ಅದಽ ಐತ್ರಿ ಮಾಸ್ತರ. ಒಂದೂ ತಪ್ಪಿಲ್ಲ. ನಿಮ್ಮ ಚಿತ್ರ ನೋಡಿದಾಗನಽ ನಾ ನಂಬಬೇಕಾಗಿತ್ತು.”

“ನಂಬದಿದ್ದದ್ದಽ ಚಲೋ ಆತು” ಎಂದರು ಮಾವನವರು. “ಈಗ ನೋಡಿ ಹೇಳಾಕತ್ತೀಯಲ್ಲ.”

ಡಾಕ್ಟರರು ದುರ್ಬೀನನ್ನು ನನ್ನ ಕೈಗೆ ಕೊಟ್ಟರು. ಅಷ್ಟು ದಿನ ನೋಡಿದ ಹಕ್ಕಿ ಒಮ್ಮೆಲೇ ಮೂಗಿನ ಮುಂದೆ ಬಂದು ನಿಂತಿತು. ಎದೆಯ ಗರಿ ಗಾಳಿಗೆ ಬೇರೆಬೇರೆಯಾಗುತ್ತಿದ್ದವು. ಅದು ಕೊಕ್ಕು ತೆರೆದು ಆಕಳಿಸಿದಾಗ ಬಾಯಿಯೊಳಗಿನ ಕೆಂಪು ಕಂಡಿತು. ಎಷ್ಟೋ ಮರುಭೂಮಿ, ಎಷ್ಟೋ ಹಿಮದ ಗುಡ್ಡ ದಾಟಿ ಬಂದ ಜೀವ ನಮ್ಮ ಕೆರೆಯ ಕಲ್ಲಿನ ಮೇಲೆ ಹೀಗೆ ಆಕಳಿಸುತ್ತಿದೆಯಲ್ಲ ಎಂದು ಮೈ ಜುಮ್ಮೆಂದಿತು.

ಆಮೇಲೆ ಮಾವನವರು ದುರ್ಬೀನು ಕೇಳಿದರು. ನಾನು ಹಿಡಿದು ಅದರ ಮುಖವನ್ನು ತೂಬಿನ ಕಡೆಗೆ ಸರಿಪಡಿಸಿ ಕೊಟ್ಟೆ. ಅವರು ಕಣ್ಣಿಗೆ ಒತ್ತಿಕೊಂಡು ನೋಡಿದರು.

“ಏನರ ಕಾಣತೈತ್ರಿ?” ಎಂದರು ಡಾಕ್ಟರರು.

“ಬೆಳ್ಳಗ ಏನೋ ಐತಿ” ಎಂದರು. ಇನ್ನೂ ಸ್ವಲ್ಪ ನೋಡಿ, “ಬೆಳ್ಳಗ ಅಂತ ಅಷ್ಟಽ” ಎಂದು ದುರ್ಬೀನನ್ನು ಕೆಳಗಿಳಿಸಿದರು.

ಆವತ್ತು ಸಂಜೆ ಊಟಕ್ಕೆ ಕೂತಾಗ, ಯಾರೂ ಕೇಳದೆಯೇ, “ಮಿರಜಿಗಿ ಹೋಗೋಣು. ಆಪರೇಷನ್ ಮಾಡಿಸ್ಕೋತೇನಿ” ಎಂದರು. ಅತ್ತೆಯ ಕೈಯಲ್ಲಿದ್ದ ರೊಟ್ಟಿ ತಾಟಿಗೆ ಬೀಳಲಿಲ್ಲ, ಹಾಗೆಯೇ ನಿಂತಿತು.

ಮಿರಜಿನ ದವಾಖಾನೆಯಲ್ಲಿ ಆಗ ಕಣ್ಣಿನ ಆಪರೇಷನ್ ಆದವರು ತಲೆ ಅಲ್ಲಾಡಿಸದೆ ಅಂಗಾತ ಮಲಗಿರಬೇಕಿತ್ತು. ಕಣ್ಣಿಗೆ ಪಟ್ಟಿ. ತಲೆಯ ಎರಡೂ ಕಡೆ ಉಸುಕಿನ ಚೀಲ. ಉದ್ದನೆಯ ವಾರ್ಡು, ಎರಡು ಸಾಲಿನಲ್ಲಿ ಪಟ್ಟಿ ಕಟ್ಟಿಸಿಕೊಂಡ ಮುದುಕರು. ಮಾವನವರು ಮಲಗಿದಲ್ಲಿಂದಲೇ, “ತಂಗಿ, ಕಿಡಕಿ ಹೊರಗ ಏನೈತಿ?” ಎಂದು ಕೇಳಿದರು. ಹೊರಗೆ ಒಂದು ಬೇವಿನ ಮರ, ಅದರಲ್ಲಿ ಗುಬ್ಬಿಗಳ ಜಗಳ. ನಾನು ಹೇಳತೊಡಗಿದೆ. ಗಂಡುಗುಬ್ಬಿಯ ಗಂಟಲಿನ ಕಪ್ಪು, ಬೆನ್ನಿನ ಕಂದು, ಒಂದು ಗುಬ್ಬಿ ಹಂಚಿನ ಸಂದಿಗೆ ಹುಲ್ಲೆಳೆ ತುರುಕಲು ಪಡುತ್ತಿದ್ದ ಪಾಡು. ಹೇಳುತ್ತ ಹೋದಂತೆ ವಾರ್ಡಿನಲ್ಲಿ ಕೆಮ್ಮು, ನರಳಾಟ ಕಡಿಮೆಯಾದದ್ದು ನನ್ನ ಗಮನಕ್ಕೆ ಬಂತು. ಪಕ್ಕದ ಮಂಚದ ಅಜ್ಜ, ಜತ್ತ ಕಡೆಯವರು, “ಹುಲ್ಲು ಒಳಗ ಹೋತೇನು?” ಎಂದು ಕೇಳಿದರು. “ಇನ್ನಾ ಇಲ್ರಿ ಅಜ್ಜಾರ, ಬಿತ್ತು. ಮತ್ತ ತರಾಕ ಹೋಗೈತಿ” ಎಂದೆ. ಆಚೆಯ ಮಂಚದಿಂದ ಇನ್ನೊಬ್ಬರು ‘ಛೆ’ ಎಂದರು. ಅಲ್ಲಿದ್ದಷ್ಟು ದಿನವೂ ಬೆಳಿಗ್ಗೆ ಸಂಜೆ ಆ ಗುಬ್ಬಿಗಳ ಸುದ್ದಿ ಹೇಳುವುದು ನನ್ನ ಕೆಲಸವಾಯಿತು. ಗೂಡು ಮುಗಿದ ದಿನ ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಆ ಮುದುಕರೆಲ್ಲ ತಲೆ ಅಲ್ಲಾಡಿಸದೆ ನಕ್ಕರು.

ಊರಿಗೆ ಬಂದೆವು. ಕನ್ನಡಕ ಬರಲು ಇನ್ನೂ ಸಮಯ ಹಿಡಿಯಿತು. ಅಷ್ಟರಲ್ಲಿ ಬಿಸಿಲು ಏರಿತ್ತು. ನಾನು ಒಮ್ಮೆ ಕೆರೆಗೆ ಹೋಗಿ ನೋಡಿ ಬಂದೆ. ಕಲ್ಲು ಖಾಲಿ ಇತ್ತು. ಹೇಳಲು ಹಿಂಜರಿದೆ. ಅವರೇ ನನ್ನ ಹೆಜ್ಜೆಯ ಸಪ್ಪಳ ಕೇಳಿ, “ಹೋತೇನು?” ಎಂದರು. “ಹೌದ್ರಿ.” “ಹೋಗಲಿ. ಅದರ ಮನಿ ಅಲ್ಲೈತಿ, ಮಕ್ಕಳು ಮರಿ ಆಗಬೇಕು” ಎಂದರು. ಮಗಳನ್ನು ಗಂಡನ ಮನೆಗೆ ಕಳಿಸಿದವರ ದನಿಯಿತ್ತು ಅದರಲ್ಲಿ.

ಸೋಡಾ ಬಾಟಲಿಯ ತಳದಂಥ ದಪ್ಪ ಗಾಜಿನ ಕನ್ನಡಕ ಬಂದ ದಿನ ಅವರು ಪಡಸಾಲೆಯಲ್ಲಿ ಕೂತಿದ್ದರು. ಯಜಮಾನರು ಅವರಿಗೆ ಕನ್ನಡಕ ಹಾಕಿದರು. ಮಾವನವರು ಮೊದಲು ಅತ್ತೆಯನ್ನು ನೋಡಿ, “ಕೂದಲೆಲ್ಲ ಬೆಳ್ಳಗಾಗ್ಯಾವ ನಿನ್ನವು” ಎಂದರು. ಅತ್ತೆ, “ನಿಮ್ಮ ಕಣ್ಣು ಹೋದಾಗಿಂದ ಬಣ್ಣ ಹಚ್ಚಿ ಏನು ಮಾಡಲಿ?” ಎಂದು ಸೆರಗಿನಿಂದ ಮೂಗು ಒರೆಸಿಕೊಂಡರು. ಆಮೇಲೆ ಮಾವನವರು ನನ್ನ ಕಡೆ ತಿರುಗಿದರು. ಮದುವೆಗೆ ಮೊದಲೇ ಅವರ ಕಣ್ಣು ಮಂಜಾಗಿತ್ತು. ನನ್ನ ಮುಖವನ್ನು ಅವರು ಸರಿಯಾಗಿ ಕಂಡದ್ದೇ ಆಗ. ಕಾಗೆಯನ್ನೋ ಬೆಳ್ಳಕ್ಕಿಯನ್ನೋ ನೋಡುವಂತೆ, ಅವಸರವಿಲ್ಲದೆ ನೋಡಿದರು. ನಾನು ತಲೆ ತಗ್ಗಿಸಲಿಲ್ಲ.

“ಹುಬ್ಬಿನ ಮ್ಯಾಲೊಂದು ಮಚ್ಚಿ ಐತಿ. ಯಾರೂ ಹೇಳಿದ್ದಿಲ್ಲ ನನಗ” ಎಂದರು.

ಗೋಡೆಯ ಮೇಲಿದ್ದ ಕಡಲಹಕ್ಕಿಯ ಚಿತ್ರವನ್ನು ಕೆಳಗಿಳಿಸಿ ಕೊಡು ಎಂದರು. ತಾವೇ ತೆಗೆದ ಚಿತ್ರವನ್ನು ಮೊದಲ ಸಲ ನೋಡಿದರು. ಒಂದು ಕಡೆ ಬಣ್ಣ ಗೆರೆ ದಾಟಿತ್ತು. ಬಾಲದ ಹತ್ತಿರ ಹೆಬ್ಬೆರಳಿನ ಗುರುತು ಬಿದ್ದಿತ್ತು. ಯಜಮಾನರು, “ತಿದ್ದಬಹುದಲ್ರಿ ಅಪ್ಪಾ” ಎಂದರು. ಅವರು ಒಪ್ಪಲಿಲ್ಲ. “ಇದು ನಾ ಒಬ್ಬಾವ ತೆಗೆದ ಚಿತ್ರ ಅಲ್ಲ” ಎಂದಷ್ಟೇ ಹೇಳಿದರು. ಕೆಳಗಿನ ಮೂಲೆಯಲ್ಲಿ ತಮ್ಮ ಸಹಿಯ ಪಕ್ಕ ನನ್ನನ್ನೂ ಸಹಿ ಮಾಡಲು ಹೇಳಿದರು. ಕುಂಚ ಹಿಡಿದು ರೂಢಿಯಿಲ್ಲದ ನನ್ನ ಅಕ್ಷರಗಳು ಒಂದಕ್ಕೊಂದು ಅಂಟಿಕೊಂಡವು.

ಮರುವರ್ಷ ಮಳೆ ಕಡಿಮೆಯಾಗಿ ಕೆರೆಯಲ್ಲಿ ನೀರು ಅಷ್ಟಾಗಿ ನಿಲ್ಲಲಿಲ್ಲ, ಆ ಹಕ್ಕಿ ಬರಲಿಲ್ಲ. ನಾವು ತಂಗಡಗಿಗೆ ಹೋದೆವು. ದೇವರ ದರ್ಶನ ಮುಗಿಸಿ ಹೊಳೆಯ ದಂಡೆಗೆ ಬಂದರೆ ಉಸುಕಿನ ದಿಬ್ಬದ ಮೇಲೆ ಕಡಲಹಕ್ಕಿಗಳ ಸಾಲು. ಕೆಂಪು ಕೊಕ್ಕು, ಕೆಂಪು ಕಾಲು, ಎಲ್ಲ ಒಂದೇ ಬಗೆಯವು. ಆದರೆ ಸಾಲಿನ ತುದಿಯಲ್ಲಿದ್ದ ಒಂದರ ಕೊಕ್ಕು ಉಳಿದವುಗಳಿಗಿಂತ ತುಸು ಸಣ್ಣಗೆ, ಉದ್ದಕ್ಕಿದೆ ಎಂದು ನನಗೆ ಅನಿಸಿತು.

ಮಾವನವರು ಕನ್ನಡಕ ಏರಿಸಿ ನೋಡಿದರು. “ಇಲ್ಲ, ಅದೂ ಅದಽ.”

“ಅಲ್ರಿ ಮಾವಾರ. ಹಣಿ ನೋಡ್ರಿ, ಹಣೀನೂ ಬ್ಯಾರೆ ಐತಿ.”

“ನಿನಗ ಎಲ್ಲಾ ಹಣೀನೂ ಜಾರಬಂಡೀನಽ.”

“ಹಂಗಂದ್ರ ಹ್ಯಾಂಗ್ರಿ? ಕಣ್ಣಿನ ಬಣ್ಣ ನೋಡ್ರಿ.”

“ನೀ ಕಂಡೀಯೇನು ಕಣ್ಣಿನ ಬಣ್ಣ? ಊಹಾ ಮಾಡಬ್ಯಾಡ.”

ಅತ್ತೆ ಆಗಲೇ ಬಸ್ಸಿನ ಹತ್ತಿರ ಹೋಗಿ ನಿಂತು ನಮ್ಮಿಬ್ಬರನ್ನೂ ಕೂಗುತ್ತಿದ್ದರು. ಕಂಡಕ್ಟರ್ ಸೀಟಿ ಊದಿದ. ನಾವಿಬ್ಬರೂ ಕೇಳಿಸದವರಂತೆ ದಂಡೆಯ ಉಸುಕಿನಲ್ಲಿ ಇನ್ನೆರಡು ಹೆಜ್ಜೆ ಮುಂದೆ ಹೋದೆವು.